ಕಾರಿನ ಎಸಿ, ಹೀಟರ್ ಕೈಕೊಟ್ಟಾಗ: ಗ್ಯಾಸ್ ತುಂಬಿಸುವ ಮೊದಲು ನೋಡಬೇಕಾದ್ದು

ಕಾರಿನ ಎಸಿಯಿಂದ ಬಿಸಿಗಾಳಿ ಬಂದರೆ ಬಾಯಿಗೆ ಮೊದಲು ಬರುವ ಮಾತು "ಗ್ಯಾಸ್ ಮುಗಿದಿರಬೇಕು". ನಾನೂ ಹಾಗೇ ಅಂದುಕೊಂಡು ಒಂದೇ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದೆ. ಮೂರನೇ ಸಲ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಕೈಗೆತ್ತಿಕೊಳ್ಳಲೇ ಇಲ್ಲ. "ಓಡುವಾಗ ತಣ್ಣಗಿರುತ್ತಾ, ನಿಂತಾಗ ತಣ್ಣಗಿರುತ್ತಾ?" ಎಂದು ಕೇಳಿದರು. ಓಡುವಾಗ ಚೆನ್ನಾಗಿರುತ್ತೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿಯಾಗುತ್ತೆ ಎಂದೆ. ಅವರು ಬಾನೆಟ್ ಎತ್ತಿ ಫ್ಯಾನ್ ತೋರಿಸಿದರು. ಅದು ತಿರುಗುತ್ತಲೇ ಇರಲಿಲ್ಲ. ಗ್ಯಾಸ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಅವತ್ತಿನಿಂದ ನಾನು ಯಾರಿಗಾದರೂ ಹೇಳುವುದು ಇದೇ. ಎಸಿ ಕೆಟ್ಟಿದೆ ಅನ್ನುವುದಕ್ಕಿಂತ ಅದು ಯಾವಾಗ ಕೆಡುತ್ತದೆ ಅನ್ನುವುದು ಮುಖ್ಯ. ನಿಂತಾಗಲೋ, ಓಡುವಾಗಲೋ? ಹಾಕಿದ ಕೂಡಲೇನೋ, ಅರ್ಧ ಗಂಟೆಯ ಮೇಲೋ? ಗಾಳಿಯೇ ಕಡಿಮೆಯೋ, ಗಾಳಿ ಜೋರಾಗಿದ್ದೂ ಬಿಸಿಯೋ? ಇಷ್ಟನ್ನು ಗಮನಿಸಲು ಯಾವ ಉಪಕರಣವೂ ಬೇಡ. ಇಷ್ಟು ಗೊತ್ತಾದರೆ ಅರ್ಧ ರಿಪೇರಿ ಆದಂತೆ.

ಇನ್ನೊಂದು ಮಾತು. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್‌ಗಳಿಂದ ವರ್ಷಕ್ಕಿಷ್ಟು ಅಂತ ಸ್ವಲ್ಪ ಸೋರುವುದು ಇದ್ದದ್ದೇ. ಆದರೆ ತುಂಬಿಸಿದ ಕೆಲವೇ ವಾರದಲ್ಲಿ ಕಡಿಮೆಯಾಯಿತು ಅಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಸೋರುವ ಬಿಂದಿಗೆಗೆ ನೀರು ಹೊತ್ತಂತೆ.

ಇದು ಹೇಗೆ ಕೆಲಸ ಮಾಡುತ್ತೆ?

ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಸುಲಭವಾಗುತ್ತದೆ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಗ್ಯಾಸ್ ಬಿಸಿಯಾಗುತ್ತದೆ. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ, ಗ್ಯಾಸ್ ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ಕಿಂಡಿ ದಾಟಿ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಬರುತ್ತದೆ. ಅಲ್ಲಿ ಕುದಿದು ಆವಿಯಾಗುವಾಗ ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಬ್ಲೋವರ್ ಆ ಗಾಳಿಯನ್ನು ನಮ್ಮ ಮುಖಕ್ಕೆ ತಳ್ಳುತ್ತದೆ.

ಹೀಟರ್ ಇದಕ್ಕಿಂತ ಸರಳ. ಎಂಜಿನ್ ಬಿಸಿ ಹೊತ್ತ ಕೂಲಂಟ್ ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್‌ನಲ್ಲಿ, ಅಂದರೆ ಹೀಟರ್ ಕೋರ್‌ನಲ್ಲಿ ಹರಿಯುತ್ತದೆ. ಬ್ಲೋವರ್ ಎರಡಕ್ಕೂ ಒಂದೇ. ತಣ್ಣನೆ ಗಾಳಿ ಎಷ್ಟು, ಬಿಸಿಗಾಳಿ ಎಷ್ಟು ಎಂದು ಬೆರೆಸಲು ನಡುವೆ ಒಂದು ಬಾಗಿಲು ಇರುತ್ತದೆ. ಬ್ಲೆಂಡ್ ಡೋರ್ ಎನ್ನುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ.

ಕೈ ಹಾಕುವ ಮೊದಲು

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒತ್ತಡದಲ್ಲಿರುವ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆಫ್ ಆಗಿದ್ದರೂ ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು, ಬೆರಳು ದೂರವಿರಲಿ. ಎಸಿ ಪೈಪುಗಳ ಜಾಯಿಂಟ್ ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಹೊರಗೆ ಚಿಮ್ಮುವ ದ್ರವ ಚರ್ಮವನ್ನು, ಕಣ್ಣನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸುತ್ತದೆ. ಹಲವು ಕಾರುಗಳ ಎಸಿಯಲ್ಲಿರುವ ಆರ್-134ಎ ಗ್ಯಾಸ್ ಕುದಿಯುವುದೇ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಹೆಜ್ಜೆ 1: ಸೀಟಿನಲ್ಲಿ ಕೂತೇ ನೋಡಿ

ಎಂಜಿನ್ ಸ್ಟಾರ್ಟ್ ಮಾಡಿ ಬ್ಲೋವರನ್ನು ಒಂದರಿಂದ ಕೊನೆಯವರೆಗೆ ಒಂದೊಂದೇ ಸ್ಪೀಡ್‌ಗೆ ತಿರುಗಿಸಿ. ಕೊನೆಯ ಸ್ಪೀಡ್‌ನಲ್ಲಿ ಮಾತ್ರ ಗಾಳಿ ಬರುತ್ತಾ? ಹಾಗಾದರೆ ಸ್ಪೀಡ್ ಕಡಿಮೆ ಮಾಡುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಅಗ್ಗದ ಭಾಗ, ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಪಕ್ಕದ ಸೀಟಿನ ಡ್ಯಾಶ್‌ಬೋರ್ಡ್ ಕೆಳಗೆ ಸಿಗುತ್ತದೆ. ಬದಲಾಯಿಸುವಾಗ ಅದರ ಕನೆಕ್ಟರ್ ಕರಗಿದೆಯಾ ನೋಡಿ. ಕರಗಿದ್ದರೆ ಬ್ಲೋವರ್ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ಆಗ ಹೊಸ ರೆಸಿಸ್ಟರ್ ಕೂಡ ಬಾಳುವುದಿಲ್ಲ.

ಯಾವ ಸ್ಪೀಡ್‌ನಲ್ಲೂ ಗಾಳಿ ಇಲ್ಲವೇ? ಫ್ಯೂಸ್, ಆಮೇಲೆ ರಿಲೇ (ಕರೆಂಟ್ ಹಾಯಿಸುವ ಸ್ವಿಚ್) ನೋಡಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದ್ದೇ ಹಾಕಿ. ಮತ್ತೆ ಹೋದರೆ ದೊಡ್ಡ ಫ್ಯೂಸ್ ಹಾಕುವ ಯೋಚನೆ ಬೇಡ, ವೈರ್‌ಗೇ ಬೆಂಕಿ ಹತ್ತಬಹುದು. ಫ್ಯೂಸ್ ಸರಿಯಿದ್ದರೆ ಬ್ಲೋವರ್ ಮೋಟಾರ್ ಇರುವ ಜಾಗಕ್ಕೆ ಕೈಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಮೋಟಾರ್‌ನ ಬ್ರಷ್ ಸವೆದಿದೆ.

ಬ್ಲೋವರ್ ಸದ್ದು ಜೋರಾಗಿದೆ, ಗಾಳಿ ಮಾತ್ರ ಕಡಿಮೆ. ಇದು ಬಹಳ ಸಾಮಾನ್ಯ. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಒಣ ಎಲೆ, ಧೂಳು, ಕೆಲವೊಮ್ಮೆ ಇಲಿ ಗೂಡು ಕೂಡ ಸಿಗುತ್ತದೆ. ಫಿಲ್ಟರ್ ತೆಗೆದಿಟ್ಟು ಬ್ಲೋವರ್ ಹಾಕಿ. ಗಾಳಿ ಒಮ್ಮೆಲೇ ಜೋರಾದರೆ ಕಾರಣ ಸಿಕ್ಕಿತು. 15,000 ಕಿಲೋಮೀಟರ್‌ಗೊಮ್ಮೆ ಇದನ್ನು ಬದಲಾಯಿಸುವುದು ಒಳ್ಳೆಯದು, ಧೂಳಿನ ರಸ್ತೆಯಾದರೆ ಇನ್ನೂ ಬೇಗ.

ಕೊನೆಗೆ ಟೆಂಪರೇಚರ್ ಗುಂಡಿಯನ್ನು ಪೂರ್ತಿ ತಣ್ಣಗೆ, ಪೂರ್ತಿ ಬಿಸಿಗೆ ತಿರುಗಿಸಿ ಕಿವಿ ಕೊಡಿ. ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಬಿಡದೆ ಸದ್ದು ಬಂದರೆ ಬ್ಲೆಂಡ್ ಡೋರ್ ತಿರುಗಿಸುವ ಪುಟ್ಟ ಮೋಟಾರ್‌ನ ಹಲ್ಲು ಮುರಿದಿದೆ. ಬಾಗಿಲು ಬಿಸಿ ಕಡೆ ಸಿಕ್ಕಿಕೊಂಡರೆ ಎಸಿ ಎಷ್ಟೇ ಚೆನ್ನಾಗಿದ್ದರೂ ಬಿಸಿಗಾಳಿಯೇ ಬರುತ್ತದೆ. ಎಡಕ್ಕೆ ಬಲಕ್ಕೆ ಬೇರೆ ಬೇರೆ ಟೆಂಪರೇಚರ್ ಇಡುವ ಕಾರಿನಲ್ಲಿ ಒಂದು ಕಡೆ ತಣ್ಣಗೆ, ಒಂದು ಕಡೆ ಬಿಸಿ ಬಂದರೆ ಮೊದಲ ಅನುಮಾನ ಇದರ ಮೇಲೆ. ಆದರೆ ಗ್ಯಾಸ್ ಕಡಿಮೆಯಾದಾಗಲೂ ಹೀಗೆ ಆಗುವುದುಂಟು. ಕೂಲಿಂಗ್ ಕಾಯಿಲ್‌ನ ಅರ್ಧ ಭಾಗ ಮಾತ್ರ ತಣ್ಣಗಾಗಿ, ಅದರ ಎದುರಿನ ಕಿಂಡಿಯಲ್ಲಿ ಮಾತ್ರ ತಂಪು ಗಾಳಿ ಬರುತ್ತದೆ.

ಹೆಜ್ಜೆ 2: ಬಾನೆಟ್ ಎತ್ತಿ

ಎಂಜಿನ್ ಓಡುತ್ತಿರಲಿ. ಒಬ್ಬರು ಒಳಗೆ ಕೂತು ಎಸಿ ಹಾಕಲಿ, ನೀವು ಹೊರಗೆ ನಿಂತು ನೋಡಿ. ಕ್ಲಚ್ ಇರುವ ಕಂಪ್ರೆಸರ್ ಆದರೆ "ಟಕ್" ಅಂತ ಸದ್ದಾಗಿ ಬೆಲ್ಟ್ ಚಕ್ರದ ಮುಂದಿನ ತಟ್ಟೆಯೂ ತಿರುಗಲು ಶುರುವಾಗುತ್ತದೆ. ತಟ್ಟೆ ನಿಂತೇ ಇದ್ದರೆ ಕಂಪ್ರೆಸರ್ ಕೆಲಸಕ್ಕೇ ಇಳಿದಿಲ್ಲ. ಆಗ ಕಂಪ್ರೆಸರ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಗ್ಯಾಸ್ ತೀರಾ ಕಡಿಮೆಯಾದರೆ ಪ್ರೆಷರ್ ಸ್ವಿಚ್ ಅದನ್ನು ಬೇಕೆಂದೇ ತಡೆಯುತ್ತದೆ. ಗ್ಯಾಸ್ ಜೊತೆಗೆ ಸುತ್ತುವ ಎಣ್ಣೆ ಇಲ್ಲದೆ ಕಂಪ್ರೆಸರ್ ಸುಡಬಾರದು ಎಂಬ ಕಾಳಜಿ ಅದು. ಫ್ಯೂಸ್, ರಿಲೇ, ವೈರ್ ಕೂಡ ಕಾರಣವಾಗಬಹುದು. ಈಚಿನ ಹಲವು ಕಾರುಗಳ ಕಂಪ್ರೆಸರ್‌ಗೆ ಕ್ಲಚ್ಚೇ ಇಲ್ಲ. ಅದು ಸದಾ ತಿರುಗುತ್ತಿರುತ್ತದೆ, ಒಳಗಿನ ವಾಲ್ವ್ ಎಷ್ಟು ಒತ್ತಬೇಕು ಎಂದು ನಿರ್ಧರಿಸುತ್ತದೆ. ಅಂಥದ್ದರಲ್ಲಿ ಕಣ್ಣಿಂದ ನೋಡಿ ಏನೂ ಹೇಳಲಾಗದು.

ಪ್ರೆಷರ್ ಸ್ವಿಚ್ಚಿನ ವೈರ್ ಎರಡನ್ನೂ ಸೇರಿಸಿ ಕಂಪ್ರೆಸರನ್ನು ಬಲವಂತವಾಗಿ ಓಡಿಸುವ ಸಲಹೆ ಕೆಲವರು ಕೊಡುತ್ತಾರೆ. ದಯವಿಟ್ಟು ಮಾಡಬೇಡಿ.

ಈಗ ಫ್ಯಾನ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಕಂಡೆನ್ಸರ್ ಫ್ಯಾನ್ ತಿರುಗಬೇಕು. ಬಿಸಿಲಲ್ಲಿ ಐದು ನಿಮಿಷ ಕಾದರೂ ತಿರುಗದಿದ್ದರೆ ಅಲ್ಲೇ ತೊಂದರೆ. ಹಾಗೇ ಬಗ್ಗಿ ಕಂಡೆನ್ಸರ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹುಳ, ಕೆಸರು, ಎಲೆ ತುಂಬಿದ್ದರೆ ಎಂಜಿನ್ ಆರಿದ ಮೇಲೆ ಮಾಮೂಲಿ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಜೋರಾದ ಪ್ರೆಷರ್ ವಾಷರ್ ಬೇಡ, ತೆಳುವಾದ ರೆಕ್ಕೆಗಳು ಮಡಚಿಕೊಂಡರೆ ಗಾಳಿ ದಾರಿಯೇ ಮುಚ್ಚಿಹೋಗುತ್ತದೆ.

ಕಂಡೆನ್ಸರ್ ಮೇಲೆ, ಪೈಪುಗಳ ಜಾಯಿಂಟ್‌ಗಳಲ್ಲಿ ಎಣ್ಣೆ ಹಿಡಿದ ಧೂಳಿನ ಕಲೆ ಇದೆಯಾ? ಗ್ಯಾಸ್ ಸೋರುವಾಗ ಎಣ್ಣೆಯನ್ನೂ ಹೊರಗೆ ತರುತ್ತದೆ. ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಆ ಕಲೆಯ ಫೋಟೋ ತೆಗೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ತೋರಿಸಲು ಅನುಕೂಲ.

ಹೆಜ್ಜೆ 3: ಥರ್ಮಾಮೀಟರ್ ಇಟ್ಟು ಅಳೆಯಿರಿ

ಸಾಕಷ್ಟು ತಣ್ಣಗಿಲ್ಲ ಅನ್ನುವುದು ಬರೀ ನಮ್ಮ ಅನಿಸಿಕೆ. ಅಂಕಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಕಡ್ಡಿ ಥರ ಇರುವ ಥರ್ಮಾಮೀಟರನ್ನು ನಡುವಿನ ಕಿಂಡಿಗೆ ಸಿಕ್ಕಿಸಿ. ಎಸಿ ಪೂರ್ತಿ ತಣ್ಣಗೆ, ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಆನ್, ಕಿಟಕಿ ಮುಚ್ಚಿರಲಿ. ಹತ್ತು ನಿಮಿಷ ಓಡಿಸಿ. ಹೊರಗೆ 30 ಡಿಗ್ರಿ ಆಸುಪಾಸು ಇದ್ದಾಗ ಒಳ್ಳೆ ಎಸಿ ಕಿಂಡಿಯಲ್ಲಿ ಸುಮಾರು 5ರಿಂದ 10 ಡಿಗ್ರಿ ತೋರಿಸುತ್ತದೆ. ಉರಿ ಬಿಸಿಲು, ಸೆಕೆ ಎರಡೂ ಇದ್ದರೆ ಎರಡು ಮೂರು ಡಿಗ್ರಿ ಜಾಸ್ತಿಯಾದರೆ ಗಾಬರಿ ಬೇಡ. 18, 20 ತೋರಿಸಿದರೆ ತೊಂದರೆ ನಿಜ.

ಆಮೇಲೆ ಕಾರು ನಿಲ್ಲಿಸಿ ಎಂಜಿನ್ ಓಡುತ್ತಿರುವಂತೆಯೇ ಇನ್ನೊಂದು ಐದು ನಿಮಿಷ ನೋಡಿ. ಗ್ಯಾರೇಜಿನೊಳಗೆ ಮುಚ್ಚಿದ ಬಾಗಿಲಲ್ಲಿ ಬೇಡ, ಬಯಲಿನಲ್ಲಿ ಮಾಡಿ. ಓಡುವಾಗಿನ ಅಂಕಿ, ನಿಂತಾಗಿನ ಅಂಕಿ ಎರಡನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಯಾವಾಗ ಕೆಡುತ್ತೆ ಎಂಬುದನ್ನು ಓದಿ

ನನ್ನ ಪ್ರಕಾರ ಇಡೀ ಪರೀಕ್ಷೆಯ ಜೀವ ಇದೇ.

ಓಡುವಾಗ ತಣ್ಣಗೆ, ನಿಂತಾಗ ಬಿಸಿ. ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಆದ್ದರಿಂದ ಮೊದಲು ಫ್ಯಾನ್, ಅದರ ಫ್ಯೂಸ್, ರಿಲೇ, ಆಮೇಲೆ ಕಂಡೆನ್ಸರ್ ಕೊಳೆ. ಫ್ಯಾನ್ ಸರಿಯಿದ್ದರೆ ಮಾತ್ರ ಗ್ಯಾಸ್ ಮತ್ತು ಸವೆದ ಕಂಪ್ರೆಸರ್ ಕಡೆ ಹೋಗಿ.

ಶುರುವಿನಲ್ಲಿ ತಣ್ಣಗಿದ್ದು, ಅರ್ಧ ಗಂಟೆಯ ಮೇಲೆ ಗಾಳಿಯೇ ಕಡಿಮೆಯಾಗುತ್ತಾ ಬಂದು ನಿಂತೇ ಹೋಗುವುದು. ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಟ್ಟರೆ ಸ್ವಲ್ಪ ಹೊತ್ತಿಗೆ ಗಾಳಿ ವಾಪಸ್ ಬರುತ್ತದೆ. ಕಾರಿನ ಕೆಳಗೆ ನೀರೂ ಜೋರಾಗಿ ಸುರಿಯುತ್ತದೆ. ಇದು ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿರುವುದರ ಗುರುತು. ಕಾಯಿಲ್ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಕಂಪ್ರೆಸರನ್ನು ತಡೆಯುವ ಸೆನ್ಸರ್ ಕೆಟ್ಟಿರಬಹುದು, ಅಥವಾ ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದೆ ಹೋಗಿರಬಹುದು. ಗ್ಯಾಸ್ ಸ್ವಲ್ಪ ಕಡಿಮೆಯಾದಾಗಲೂ ಹೀಗೆ ಮಂಜು ಕಟ್ಟುವುದುಂಟು.

ಗಾಳಿ ಜೋರಾಗಿಯೇ ಇದೆ, ಆದರೆ ಹತ್ತು ಹದಿನೈದು ನಿಮಿಷದ ಮೇಲೆ ಬಿಸಿಯಾಗುತ್ತದೆ, ಸ್ವಲ್ಪ ಹೊತ್ತು ಆಫ್ ಮಾಡಿ ಹಾಕಿದರೆ ಮತ್ತೆ ತಣ್ಣಗೆ. ಇದು ನೋಡಲು ಮೇಲಿನದರ ಹಾಗೇ ಇದ್ದರೂ ಬೇರೆ ಕಾಯಿಲೆ. ಪೈಪಿನೊಳಗೆ ತೇವ ಸೇರಿದ್ದರೆ ಅದು ಎಕ್ಸ್‌ಪಾನ್ಷನ್ ವಾಲ್ವ್ ಬಾಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ಬಿಡುತ್ತದೆ. ಹಳೆಯ ಕಂಪ್ರೆಸರ್ ಕ್ಲಚ್ ಬಿಸಿಯಾದಾಗ ಹಿಡಿತ ಕಳೆದುಕೊಳ್ಳುವುದೂ ಹೀಗೇ ಕಾಣುತ್ತದೆ. ಬಿಸಿಗಾಳಿ ಬಂದ ಕ್ಷಣದಲ್ಲೇ ಬಾನೆಟ್ ಎತ್ತಿ ನೋಡಿ. ಕ್ಲಚ್ ತಟ್ಟೆ ತಿರುಗುತ್ತಿದ್ದರೆ ವಾಲ್ವ್, ನಿಂತಿದ್ದರೆ ಕ್ಲಚ್ ಮತ್ತು ಅದರ ಕರೆಂಟ್ ಕಡೆ ಹುಡುಕಬೇಕು.

ಎಸಿ ಬಿಸಿಯಾಗುವುದರ ಜೊತೆಗೆ ಎಂಜಿನ್ ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಎಸಿ ವಿಷಯ ಬಿಡಿ. ಎಂಜಿನ್ ತಾನೇ ಉಳಿಯಲು ಎಸಿಯನ್ನು ಆಫ್ ಮಾಡಿದೆ. ಎಸಿ ಗುಂಡಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ ಇಟ್ಟು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಹೀಟರ್ ಎಂಜಿನ್ ಬಿಸಿಯನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ. ಸೆಕೆ ತಡೆದುಕೊಳ್ಳಬಹುದು, ಎಂಜಿನ್ ಸೀಜ್ ಆದರೆ ತಡೆದುಕೊಳ್ಳಲಾಗದು.

ಗ್ಯಾಸ್ ವಿಷಯಕ್ಕೆ ಈಗ ಬರೋಣ

ಮೇಲಿನದೆಲ್ಲ ಸರಿಯಿದ್ದರೆ ಗೇಜ್ ಹಾಕಿಸುವ ಸಮಯ. ಎಂಜಿನ್ ಆಫ್ ಇದ್ದಾಗಿನ ಪ್ರೆಷರ್ ನೋಡಿ "ಗ್ಯಾಸ್ ಫುಲ್ ಇದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿದ್ದರೆ ಪ್ರೆಷರ್ ಬರೀ ಟೆಂಪರೇಚರ್ ಮೇಲೆ ನಿಂತಿರುತ್ತದೆ. ಆರ್-134ಎ ಆದರೆ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ. ಅರ್ಧ ತುಂಬಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಎಂಜಿನ್ ಓಡುವಾಗ ಎರಡೂ ಕಡೆಯ, ಅಂದರೆ ಕಂಪ್ರೆಸರ್‌ಗೆ ಗ್ಯಾಸ್ ಬರುವ ಲೋ ಸೈಡ್ ಮತ್ತು ಅದು ಒತ್ತಿ ಕಳಿಸುವ ಹೈ ಸೈಡ್, ಗೇಜ್ ಒಟ್ಟಿಗೆ ನೋಡಿದರೆ ಮಾತ್ರ ಕಥೆ ಗೊತ್ತಾಗುವುದು. ಎರಡೂ ಕಡಿಮೆಯಾದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿಯಾದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ, ಇಲ್ಲವೇ ಪೈಪಿನೊಳಗೆ ಗಾಳಿ ಸೇರಿದೆ. ಲೋ ಸೈಡ್ ಜಾಸ್ತಿ, ಹೈ ಸೈಡ್ ಕಡಿಮೆಯಾದರೆ ಕಂಪ್ರೆಸರ್ ಸೋತಿದೆ. ಲೋ ಸೈಡ್ ಸೊನ್ನೆಗಿಂತ ಕೆಳಗೆ ಇಳಿದರೆ ಎಲ್ಲೋ ದಾರಿ ಕಟ್ಟಿದೆ.

ಗ್ಯಾಸ್ ಜಾಸ್ತಿಯಾದರೂ ಎಸಿ ತಣ್ಣಗಾಗುವುದಿಲ್ಲ ಎಂಬುದು ತುಂಬ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಅಂದಾಜಿನಲ್ಲಿ ತುಂಬಿಸಬಾರದು. ನಿಮ್ಮ ಕಾರಿಗೆ ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಸಣ್ಣ ಕಾರುಗಳಲ್ಲಿ 400, 500 ಗ್ರಾಂ ಇರುವುದು ಸಾಮಾನ್ಯ. ಅಷ್ಟು ಕಡಿಮೆ ಇರುವಾಗ 50 ಗ್ರಾಂ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಗ್ಯಾಸ್ ಪೂರ್ತಿ ಮೆಷಿನ್‌ಗೆ ಎಳೆದುಕೊಂಡು, ತೂಕ ಮಾಡಿ ಹೊಸದನ್ನು ತುಂಬಿಸುವುದೇ ಸರಿಯಾದ ದಾರಿ.

ಬಹಳ ವರ್ಷ ಬಳಕೆಯಲ್ಲಿರುವುದು ಆರ್-134ಎ. ಹೊಸ ಕಾರುಗಳಲ್ಲಿ ಆರ್-1234ವೈಎಫ್ ಬರುತ್ತಿದೆ. ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಅದಕ್ಕೇ ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ತುಂಬುವಂತಿಲ್ಲ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು, ಬೆರೆಸಲೂಬಾರದು. ಆರ್-1234ವೈಎಫ್‌ಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವಿದೆ, ಹಾಗಾಗಿ ಅದಕ್ಕೆ ಬೇರೆಯೇ ಮೆಷಿನ್ ಬೇಕು.

ಗ್ಯಾಸ್ ಕಡಿಮೆ ಇದೆ ಎಂದಾದರೆ ಸೋರಿಕೆ ಹುಡುಕಿಸಿ. ಅಲ್ಟ್ರಾವಯೊಲೆಟ್ ಬೆಳಕಿಗೆ ಹೊಳೆಯುವ ಬಣ್ಣ ಬಿಟ್ಟು ನೋಡುತ್ತಾರೆ. ಸೂಕ್ಷ್ಮವಾಗಿ ಮೂಸುವ ಎಲೆಕ್ಟ್ರಾನಿಕ್ ಡಿಟೆಕ್ಟರ್ ಬಳಸುತ್ತಾರೆ. ನೈಟ್ರೋಜನ್ ತುಂಬಿ ಸೋಪಿನ ನೀರಿನಿಂದಲೂ ಪರೀಕ್ಷಿಸುತ್ತಾರೆ. ಕಲ್ಲು ಬಡಿಯುವ ಕಂಡೆನ್ಸರ್, ಜಾಯಿಂಟ್‌ಗಳ ರಬ್ಬರ್ ರಿಂಗ್, ಗ್ಯಾಸ್ ತುಂಬುವ ವಾಲ್ವ್, ಕಂಪ್ರೆಸರ್‌ನ ಶಾಫ್ಟ್ ಸೀಲ್ ಇವುಗಳ ಮೇಲೆ ಮೊದಲ ಕಣ್ಣು. ರಿಪೇರಿ ಆದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು. ತೇವ ಹೋಗುವುದು ಹಾಗೇ. ಡಬ್ಬಿಯಲ್ಲಿ ಸಿಗುವ ಸೋರಿಕೆ ಮುಚ್ಚುವ ಅಂಟುದ್ರವ ಹಾಕಿಸಬೇಡಿ. ಅದು ವಾಲ್ವನ್ನೂ ಕಟ್ಟುತ್ತದೆ, ಗ್ಯಾರೇಜಿನ ಮೆಷಿನನ್ನೂ ಕೆಡಿಸುತ್ತದೆ.

ಹೀಟರ್ ಬಿಸಿಯಾಗದಿದ್ದರೆ

ಇಲ್ಲೂ ಅದೇ ಪ್ರಶ್ನೆ, ಯಾವಾಗ? ಆರ್‌ಪಿಎಂ ಏರಿಸಿದಾಗ ಬಿಸಿ, ನಿಂತಾಗ ತಣ್ಣಗೆ ಅಂದರೆ ಕೂಲಂಟ್ ಕಡಿಮೆಯಾಗಿದೆ, ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ನೀರು ಹರಿಯುವ ಸದ್ದು ಬಂದರೆ ಗಾಳಿ ಇರುವುದು ಖಾತ್ರಿ ಎಂದೇ ಹೇಳಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಕಡಿಮೆಯಿದ್ದರೆ ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಬರೀ ನೀರು ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಚಳಿ ದೇಶದಲ್ಲಾದರೆ ಹೆಪ್ಪುಗಟ್ಟಿ ಬ್ಲಾಕ್ ಒಡೆಯುತ್ತದೆ. ಪದೇ ಪದೇ ಕಡಿಮೆಯಾಗುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ. ಹೊರಗೆ ಸೋರಿಕೆ ಕಾಣದಿದ್ದರೆ ಹೀಟರ್ ಕೋರ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು.

ಇಪ್ಪತ್ತು ನಿಮಿಷ ಓಡಿಸಿದರೂ ಟೆಂಪರೇಚರ್ ಮುಳ್ಳು ನಡುವಿಗೆ ಬರದಿದ್ದರೆ, ಅಥವಾ ಖಾಲಿ ರಸ್ತೆಯಲ್ಲಿ ಕೆಳಗೆ ಇಳಿದರೆ, ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟ್ಯಾಟ್, ತೆರೆದೇ ಉಳಿದಿದೆ. ಸ್ಕ್ಯಾನರ್‌ನಲ್ಲಿ ಪಿ0128 ಕೋಡ್ ಬಂದರೂ ಮೊದಲು ನೋಡಬೇಕಾದ್ದು ಇದನ್ನೇ. ಎಂಜಿನ್ ತಣ್ಣಗೇ ಓಡುವುದರಿಂದ ಇಂಧನವೂ ಜಾಸ್ತಿ ಕುಡಿಯುತ್ತದೆ.

ಮುಳ್ಳು ಸರಿಯಿದ್ದೂ ಗಾಳಿ ತಣ್ಣಗಿದ್ದರೆ ಎಂಜಿನ್ ಕೋಣೆಯಿಂದ ಡ್ಯಾಶ್‌ಬೋರ್ಡ್ ಒಳಗೆ ಹೋಗುವ ಎರಡು ರಬ್ಬರ್ ಹೋಸ್ ಹುಡುಕಿ. ಬಟ್ಟೆ ಸುತ್ತಿದ ಕೈಯಿಂದ ಒಂದೇ ಕ್ಷಣ ಮುಟ್ಟಿ. ಎರಡೂ ಬಿಸಿಯಿದ್ದರೆ ಕೂಲಂಟ್ ಬರುತ್ತಿದೆ, ತಪ್ಪು ಬ್ಲೆಂಡ್ ಡೋರ್‌ನದು. ಒಂದು ಬಿಸಿ ಒಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿದೆ, ಇಲ್ಲವೇ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಕೋರ್ ಬದಲಾಯಿಸಲು ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗುತ್ತದೆ, ದೊಡ್ಡ ಕೆಲಸ. ಮೊದಲು ಫ್ಲಶ್ ಮಾಡಿಸಿ ನೋಡಿ.

ವಾಸನೆ, ನೀರು, ಮಂಜುಗಟ್ಟಿದ ಗಾಜು

ಎಸಿ ಹಾಕಿದ ಕೂಡಲೇ ಒದ್ದೆ ಬಟ್ಟೆಯ ವಾಸನೆ ಬಂದರೆ ಕೂಲಿಂಗ್ ಕಾಯಿಲ್ ಮೇಲೆ ಬೂಸ್ಟು ಬೆಳೆದಿದೆ. ಕಾಯಿಲ್ ತೊಳೆಸಿ, ಫಿಲ್ಟರ್ ಬದಲಾಯಿಸಿ. ಇಳಿಯುವ ಎರಡು ಮೂರು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡುವುದನ್ನು ರೂಢಿ ಮಾಡಿಕೊಳ್ಳಿ, ಕಾಯಿಲ್ ಒಣಗುತ್ತದೆ. ಸೆಕೆಯ ದಿನ ಎಸಿ ಹಾಕಿದ್ದರೂ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ, ಒಳಗಿನ ಕಾರ್ಪೆಟ್ ಒದ್ದೆಯಾಗಿದೆ ಅಂದರೆ ನೀರು ಹೋಗುವ ಪೈಪ್ ಕಟ್ಟಿಕೊಂಡಿದೆ.

ಒದ್ದೆಯಾದ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿ. ಬರೀ ನೀರಾದರೆ ಸರಿ. ಜಾರುವಂತಿದ್ದು, ಬಣ್ಣ ಇದ್ದು, ಸಿಹಿ ವಾಸನೆ ಬಂದರೆ ಅದು ಹೀಟರ್ ಕೋರ್‌ನಿಂದ ಸೋರಿದ ಕೂಲಂಟ್. ಆಗ ಮುಂದಿನ ಗಾಜಿನ ಒಳಗೂ ಜಿಡ್ಡಿನ ಪದರ ಕೂರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಕೂಲಂಟ್ ವಿಷ. ಸಿಹಿಯಿರುವುದರಿಂದ ನಾಯಿ ನೆಕ್ಕುತ್ತದೆ, ಬೆಕ್ಕು, ಮಕ್ಕಳೂ ಮುಟ್ಟಬಹುದು. ಕೂಡಲೇ ತೊಳೆದುಬಿಡಿ.

ಗಾಜು ಸುಮ್ನೆ ಮಂಜಾಗುತ್ತಿದ್ದರೆ ಹೀಟರ್ ಮತ್ತು ಎಸಿ ಎರಡನ್ನೂ ಒಟ್ಟಿಗೆ ಹಾಕಿ, ಹೊರಗಿನ ಗಾಳಿ ಒಳಗೆ ಬರುವಂತೆ ಇಡಿ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಹಾಗಾಗಿ ಚಳಿಗಾಲದಲ್ಲೂ ಎಸಿ ಕೆಟ್ಟರೆ ರಿಪೇರಿ ಮುಂದೂಡಬೇಡಿ.

ಎಲೆಕ್ಟ್ರಿಕ್, ಹೈಬ್ರಿಡ್ ಕಾರು ಇದ್ದರೆ

ಫಿಲ್ಟರ್, ಬ್ಲೋವರ್, ಕಂಡೆನ್ಸರ್ ಕೊಳೆ, ನೀರಿನ ಪೈಪ್. ಇಷ್ಟು ನೀವು ನೋಡಬಹುದು, ಅಲ್ಲಿಗೆ ನಿಲ್ಲಿಸಿ. ಪೂರ್ತಿ ಎಲೆಕ್ಟ್ರಿಕ್ ಕಾರುಗಳಲ್ಲಿ, ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಕಂಪ್ರೆಸರ್ ನೂರಾರು ವೋಲ್ಟ್ ಮೇಲೆ ಓಡುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಇದೇ ಗ್ಯಾಸ್ ಬ್ಯಾಟರಿಯನ್ನೂ ತಂಪಾಗಿಡುತ್ತದೆ. ಆದ್ದರಿಂದ ಎಸಿ ತೊಂದರೆ ಚಾರ್ಜಿಂಗ್ ವೇಗಕ್ಕೂ ತಟ್ಟಬಹುದು. ಇವುಗಳ ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೇ ಬೇರೆ. ಮಾಮೂಲಿ ಕಾರಿನ ಪಿಎಜಿ ಎಣ್ಣೆ ಸೇರಿದರೆ ಕರೆಂಟ್ ಸೋರುವ ಅಪಾಯವಿದೆ. ಹಾಗಾಗಿ "ಈ ಕಾರಿಗೆ ಯಾವ ಎಣ್ಣೆ ಹಾಕ್ತೀರಿ?" ಎಂದು ಮೊದಲೇ ಕೇಳಿ. ಉತ್ತರ ತಡವರಿಸಿದರೆ ಬೇರೆ ಗ್ಯಾರೇಜ್ ನೋಡಿ.

ಗ್ಯಾರೇಜಿಗೆ ಹೋದಾಗ

"ಗ್ಯಾಸ್ ತುಂಬಿಸಿ" ಎಂದು ಹೇಳಬೇಡಿ. ಹಾಗೆ ಹೇಳಿದರೆ ಅವರು ಅದನ್ನೇ ಮಾಡುತ್ತಾರೆ, ಅಲ್ವಾ? ಬದಲಿಗೆ "ಓಡುವಾಗ 8 ಡಿಗ್ರಿ, ನಿಂತ ಐದು ನಿಮಿಷಕ್ಕೆ 19 ಡಿಗ್ರಿ, ಗಾಳಿ ಜೋರಾಗಿದೆ, ಫ್ಯಾನ್ ತಿರುಗುತ್ತಿದೆ" ಎಂದು ಬರೆದುಕೊಟ್ಟುಬಿಡಿ. ಗ್ಯಾಸ್ ತೆಗೆದಿದ್ದರೆ ಎಷ್ಟು ಗ್ರಾಂ ಹೊರಬಂತು, ಎಷ್ಟು ಗ್ರಾಂ ತುಂಬಿಸಿದರು ಎಂಬುದನ್ನು ಬಿಲ್ಲಿನಲ್ಲಿ ಬರೆಸಿ. 450 ಗ್ರಾಂ ಇರಬೇಕಾದ ಕಡೆ 440 ಹೊರಬಂದರೆ ನಿಮ್ಮ ತೊಂದರೆ ಗ್ಯಾಸಿನದಲ್ಲ. ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಲೋಹದ ಚೂರು ಎಲ್ಲ ಕಡೆ ಹರಡಿರುತ್ತದೆ. ಪೈಪುಗಳನ್ನು ತೊಳೆದು, ತೇವ ಹೀರುವ ಡ್ರೈಯರ್ ಬದಲಾಯಿಸಬೇಕು, ಹೆಚ್ಚಿನ ಸಲ ಕಂಡೆನ್ಸರ್ ಕೂಡ. ಬರೀ ಕಂಪ್ರೆಸರ್ ಹಾಕಿದರೆ ಹೊಸದೂ ಅದೇ ಚೂರು ತಿಂದು ಹೋಗುತ್ತದೆ.

ಕಾರು ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ಥರ್ಮಾಮೀಟರ್ ಸಿಕ್ಕಿಸಿ ಹತ್ತು ನಿಮಿಷ ಓಡಿಸಿ, ಐದು ನಿಮಿಷ ನಿಲ್ಲಿಸಿ. ಎರಡೂ ಅಂಕಿಯನ್ನು ದಿನಾಂಕದ ಜೊತೆ ಬಿಲ್ಲಿನ ಹಿಂದೆ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಅನುಮಾನ ಬಂದರೆ ಹೋಲಿಸಲು ಅದು ಬೇಕಾಗುತ್ತದೆ.